ಪಿಯುಸಿಯ ಆ ಎರಡು ವರ್ಷ

ಪ್ರಿಯ ಮಿತ್ರರೇ,

ನಿಮ್ಮ ಕಾಗದ ತಲುಪಿತು. ಚಿಕ್ಕಬಳ್ಳಾಪುರದ ಡಿಗ್ರಿ ಕಾಲೇಜಿನಲ್ಲಿ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಆಗಿ ಕೆಲಸಕ್ಕೆ ಸೇರಿದ್ದೀರಿ. ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟುವ ಆಸೆ ಇಟ್ಟುಕೊಂಡಿದ್ದೀರಿ. ಅದನ್ನೂ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹೈಸ್ಕೂಲುಗಳಲ್ಲಿ ಓದಿದ ಮಕ್ಕಳಿಂದಲೇ ಕಟ್ಟಬೇಕೆಂದು ಹಟ ತೊಟ್ಟಿದ್ದೀರಿ. ಓದಿ ಮನಸ್ಸು ತುಂಬಿ ಬಂತು. "ಒಳ್ಳೆಯ ಆಟಗಾರರು ಎಲ್ಲಿ ಸಿಗುತ್ತಾರೆ, ಅವರನ್ನು ಹೇಗೆ ಕರೆತರಲಿ?" ಎಂದು ಕೇಳಿದ್ದೀರಿ. ನನ್ನ ನೌಕರಿಯ ಬಹುಪಾಲು ಇದೇ ಕೆಲಸದಲ್ಲಿ ಕಳೆದಿದೆ. ತಿಳಿದಷ್ಟನ್ನು ಬಿಚ್ಚಿ ಬರೆಯುತ್ತೇನೆ. ಪತ್ರ ಉದ್ದವಾದರೆ ಬಿಡುವು ಮಾಡಿಕೊಂಡು ಓದಿ.

ನಮ್ಮ ಜಿಲ್ಲೆಯಲ್ಲಿ ಆಟಗಾರರಿಗೆ ಬರ ಬಂದಿಲ್ಲ. ಹತ್ತನೇ ತರಗತಿಯವರೆಗೆ ಚೆನ್ನಾಗಿ ಆಡುತ್ತಿದ್ದ ಮಕ್ಕಳು ಡಿಗ್ರಿಗೆ ಬರುವ ಹೊತ್ತಿಗೆ ಆಟ ಬಿಟ್ಟಿರುತ್ತಾರೆ, ಕಷ್ಟ ಇರುವುದು ಅಲ್ಲಿ. ಅಮೆರಿಕದಲ್ಲಿ 12ನೇ ತರಗತಿಯವರೆಗೂ ಹೈಸ್ಕೂಲೇ. ಶಾಲೆಯ ತಂಡದಲ್ಲಿ ಆಡುವ ಹುಡುಗನನ್ನು ಕಾಲೇಜಿನ ಕೋಚ್ ನೋಡುತ್ತಾನೆ, ಮನೆಗೆ ಹೋಗಿ ಮಾತಾಡುತ್ತಾನೆ, ಹುಡುಗ ಬೇಸಿಗೆ ಕಳೆದು ನೇರ ಕಾಲೇಜಿನ ಜೆರ್ಸಿ ತೊಡುತ್ತಾನೆ. ನಮ್ಮಲ್ಲಿ ನಡುವೆ ಪಿಯುಸಿ ಇದೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಸೈನ್ಸ್ ತೆಗೆದುಕೊಂಡವರಿಗೆ ಬೆಳಗ್ಗೆ ಸಂಜೆ ನೀಟ್, ಸಿಇಟಿ ಕೋಚಿಂಗ್. ಕಾಮರ್ಸ್, ಆರ್ಟ್ಸ್ ತೆಗೆದುಕೊಂಡವರಿಗೆ ಬಿಡುವಿದ್ದರೂ ಆಡಿಸುವವರಿಲ್ಲ. ಎಷ್ಟೋ ಪಿಯು ಕಾಲೇಜುಗಳು ಬಜಾರಿನ ಕಟ್ಟಡದ ಮಹಡಿಯ ಮೇಲೆ ನಡೆಯುತ್ತವೆ, ಅಲ್ಲಿ ಮೈದಾನವೆಂದರೆ ವಾಹನ ನಿಲ್ಲಿಸುವ ಜಾಗ. ಹದಿನಾರರಿಂದ ಹದಿನೆಂಟು, ಮೈ ಗಟ್ಟಿಯಾಗುವ, ಆಟ ಕೈಗೆ ಹತ್ತುವ ವಯಸ್ಸು. ಆ ಎರಡು ವರ್ಷ ಚೆಂಡು ಮುಟ್ಟದವರು ಡಿಗ್ರಿ ಮೊದಲ ವರ್ಷಕ್ಕೆ ಬಂದಾಗ ನೀವು ಮೊದಲಿಂದ ಶುರು ಮಾಡಬೇಕಾಗುತ್ತದೆ. ಮೂರು ವರ್ಷದ ಕೋರ್ಸಿನಲ್ಲಿ ಆಟ ಮತ್ತೆ ಹದಕ್ಕೆ ಬರುವಷ್ಟರಲ್ಲಿ ಹುಡುಗಿ ಕೊನೆಯ ವರ್ಷದಲ್ಲಿರುತ್ತಾಳೆ.

ಆದ್ದರಿಂದ ನನ್ನ ಸಲಹೆ ಒಂದೇ. ಡಿಗ್ರಿ ಅಡ್ಮಿಷನ್ ಶುರುವಾದಾಗ ಆಟಗಾರರನ್ನು ಹುಡುಕಲು ಹೋಗಬೇಡಿ. ಒಂಬತ್ತನೇ ತರಗತಿಯಲ್ಲೇ ಮಗುವನ್ನು ಗುರುತಿಸಿ, ಪಿಯುಸಿಯ ಎರಡೂ ವರ್ಷ ನಿಮ್ಮ ಕೋರ್ಟಿನಲ್ಲಿ ಆಡಿಸಿ. ಮಗು ಯಾವ ಪಿಯು ಕಾಲೇಜಿಗಾದರೂ ಸೇರಲಿ, ಸಂಜೆಗೆ ನಿಮ್ಮ ಕಾಲೇಜಿನ ಗೇಟು ತೆರೆದಿರಲಿ. ಇದಕ್ಕೆ ಪ್ರಿನ್ಸಿಪಾಲರ ಒಪ್ಪಿಗೆ ಬೇಕು, ಹೊರಗಿನ ಮಕ್ಕಳನ್ನು ಒಳಗೆ ಬಿಡಲು ಆಡಳಿತ ಮಂಡಳಿ ಹಿಂದೇಟು ಹಾಕಬಹುದು. ಆ ಒಪ್ಪಿಗೆಯನ್ನು ಮೊದಲು ಬರಹದಲ್ಲಿ ಪಡೆಯಿರಿ. ಪಿಯು, ಡಿಗ್ರಿ ಎರಡೂ ಒಂದೇ ಕಾಂಪೌಂಡಿನಲ್ಲಿರುವ ಸಂಸ್ಥೆಗಳಿಗೆ ಈ ಕೆಲಸ ಸುಲಭ. ಅವರು ಐದು ವರ್ಷದ ತಂಡವನ್ನೇ ಕಟ್ಟಬಹುದು. ಹಾಗಿದ್ದೂ ಕಟ್ಟುವವರು ಕಡಿಮೆ.

ಈಗ ಎಲ್ಲಿ ನೋಡಬೇಕು ಎಂಬ ಪ್ರಶ್ನೆಗೆ ಬರೋಣ. ಬೆಂಗಳೂರಿನಲ್ಲಿ ರಾಜ್ಯ ಮಟ್ಟದ ಟೂರ್ನಿ ನೋಡಿ ಆರಿಸುವುದು ಸಲೀಸು. ಆದರೆ ಅಲ್ಲಿ ಕಣ್ಣಿಗೆ ಬೀಳುವ ಮಕ್ಕಳ ಹಿಂದೆ ಆಗಲೇ ದೊಡ್ಡ ಕಾಲೇಜುಗಳ ಕೋಚ್‌ಗಳು ಬಿದ್ದಿರುತ್ತಾರೆ. ನೀವು ನೋಡಬೇಕಾದದ್ದು ಶಾಲಾ ಕ್ರೀಡಾಕೂಟ. ವಲಯ ಮಟ್ಟ, ತಾಲ್ಲೂಕು ಮಟ್ಟ, ಆಮೇಲೆ ಜಿಲ್ಲಾ ಮಟ್ಟ. ಜಿಲ್ಲಾ ಮಟ್ಟದ ಕೂಟ ಸರ್ ಎಂ.ವಿ. ಕ್ರೀಡಾಂಗಣದಲ್ಲಿ ನಡೆದರೆ ನಿಮಗೆ ನಡೆದು ಹೋಗುವ ದೂರ. ಅಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕಷ್ಟೇ ಕಾದು ಕೂರಬೇಡಿ. ನಮ್ಮ ಸರ್ಕಾರಿ ಹೈಸ್ಕೂಲುಗಳ ಮೈದಾನದಲ್ಲಿ ವಾಲಿಬಾಲ್ ಕಂಬ ಇರುತ್ತದೆ, ಖೋಖೋ ಕಂಬ ಇರುತ್ತದೆ. ಬ್ಯಾಸ್ಕೆಟ್‌ಬಾಲ್ ರಿಂಗ್ ಇರುವುದು ಹೆಚ್ಚಾಗಿ ಖಾಸಗಿ ಶಾಲೆಗಳಲ್ಲಿ. ಬ್ಯಾಸ್ಕೆಟ್‌ಬಾಲ್ ಆಡಿದ ಮಕ್ಕಳೇ ಬೇಕೆಂದರೆ ನಾಲ್ಕು ಊರಿನ ಬೆರಳೆಣಿಕೆಯ ಶಾಲೆಗಳಿಗೆ ನಿಮ್ಮ ಆಯ್ಕೆ ನಿಂತುಬಿಡುತ್ತದೆ.

ತ್ರೋಬಾಲ್ ನೋಡಿ. ನಮ್ಮ ಹೆಣ್ಣುಮಕ್ಕಳ ಆಟ ಅದು. ಚೆಂಡನ್ನು ಒಂದೇ ಸಲಕ್ಕೆ ಎರಡೂ ಕೈಯಲ್ಲಿ ಸ್ವಚ್ಛವಾಗಿ ಹಿಡಿಯಬೇಕು, ಕೈಯಲ್ಲಿ ಕುಪ್ಪಳಿಸಿದರೆ ಫೌಲು, ಮೂರು ಸೆಕೆಂಡಿನೊಳಗೆ ಎಸೆಯಬೇಕು. ಹಿಡಿತ, ಎಸೆತ ಎರಡನ್ನೂ ಆ ಹುಡುಗಿಯರು ಎಂಟನೇ ತರಗತಿಯಿಂದ ಕಲಿತಿರುತ್ತಾರೆ. ಅವರಿಗೆ ಬಾರದ್ದು ಚೆಂಡು ಪುಟಿಸಿಕೊಂಡು ಓಡುವುದು ಒಂದೇ, ಅದನ್ನು ಕಲಿಸಬಹುದು. ಖೋಖೋ ಆಡುವವರ ಕಾಲು ನೋಡಿ. ಓಟದ ಮಧ್ಯೆ ಸೊಂಟ ತಗ್ಗಿಸಿ ದಿಕ್ಕು ಬದಲಿಸುವ ಹುಡುಗ ನಾಳೆ ಎದುರಾಳಿಯ ಒಳ್ಳೆಯ ಶೂಟರನ್ನು ಕಟ್ಟಿಹಾಕಬಲ್ಲ. ಎತ್ತರದ ಹುಡುಗರು ಬೇಕಾದರೆ ಹಳ್ಳಿಗಳ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಗೆ ಹೋಗಿ.

ಬೇರೆ ಆಟದಿಂದ ಬಂದವರು ತಡವಾಗಿ ಕಲಿತರೆ ಏನಾಗುತ್ತಾರೆ ಎಂದು ಅನುಮಾನ ಬೇಡ. ನೈಜೀರಿಯಾದ ಲಾಗೋಸ್‌ನ ಹಕೀಮ್ ಒಲಾಜುವಾನ್ ಹದಿಹರೆಯದವರೆಗೆ ಹ್ಯಾಂಡ್‌ಬಾಲ್ ಆಡುತ್ತಿದ್ದವರು, ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್ ಆಗಿದ್ದವರು. ಬ್ಯಾಸ್ಕೆಟ್‌ಬಾಲ್ ಕೈಗೆತ್ತಿಕೊಂಡು ಹೆಚ್ಚು ಕಾಲವಾಗುವ ಮೊದಲೇ ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯದ ತಂಡ ಸೇರಿದರು. 1994 ಮತ್ತು 1995ರಲ್ಲಿ ಹ್ಯೂಸ್ಟನ್ ರಾಕೆಟ್ಸ್ ತಂಡಕ್ಕೆ ಎನ್‌ಬಿಎ ಪ್ರಶಸ್ತಿ ಗೆದ್ದುಕೊಟ್ಟರು. ಅಷ್ಟು ಎತ್ತರದ ಮನುಷ್ಯನ ಕಾಲುಗಳಲ್ಲಿ ಆ ಚುರುಕು ಎಲ್ಲಿಂದ ಬಂತೆಂದು ಕೇಳಿದವರಿಗೆಲ್ಲ ಫುಟ್‌ಬಾಲ್ ಮೈದಾನವನ್ನೇ ಉತ್ತರವಾಗಿ ತೋರಿಸುತ್ತಾರೆ.

ಪಂದ್ಯ ನೋಡುವಾಗ ನಾನು ಅಂಕ ಗಳಿಸುವವರ ಮೇಲೆ ಹೆಚ್ಚು ಕಣ್ಣಿಡುತ್ತಿರಲಿಲ್ಲ. ಶಿಡ್ಲಘಟ್ಟ ತಾಲ್ಲೂಕಿನ ಒಂದು ಕೂಟದಲ್ಲಿ ತ್ರೋಬಾಲ್ ಆಡುತ್ತಿದ್ದ ಒಬ್ಬ ಹುಡುಗಿಯನ್ನು ಮರೆತಿಲ್ಲ. ಬರಿಗಾಲು, ಜಡೆ ಎತ್ತಿ ಕಟ್ಟಿದ್ದಳು. ಪಕ್ಕದವಳು ಸುಲಭದ ಚೆಂಡು ಬಿಟ್ಟಾಗ ಇವಳು ಅವಳತ್ತ ತಿರುಗಿಯೂ ನೋಡಲಿಲ್ಲ. ಎರಡು ಹೆಜ್ಜೆ ಅವಳ ಕಡೆ ಸರಿದು, ಮುಂದಿನ ಚೆಂಡು ಬಂದರೆ ಇಬ್ಬರೂ ಹಿಡಿಯಬಹುದಾದ ಜಾಗದಲ್ಲಿ ನಿಂತಳು. ಯಾರೂ ಹೇಳಿಕೊಟ್ಟಿದ್ದಲ್ಲ. ಎತ್ತರ ಸಾಧಾರಣ, ಎಸೆತ ಇನ್ನೂ ಕಚ್ಚಾ, ಆದರೆ ಕೋರ್ಟಿನಲ್ಲಿ ಎಲ್ಲಿ ಖಾಲಿ ಇದೆ ಎಂದು ಅವಳ ಕಣ್ಣಿಗೆ ಕಾಣುತ್ತಿತ್ತು. ತಂಡದ ಆಟ ನಡೆಸುವ ಪಾಯಿಂಟ್ ಗಾರ್ಡ್ ಆಗಬೇಕಾದವರಿಗೆ ಇರಬೇಕಾದ ಗುಣ ಅದೇ. ಎತ್ತರ ಅಳೆಯಲು ಟೇಪು ಸಾಕು, ಇದನ್ನು ನೋಡಲು ಪಂದ್ಯ ಮುಗಿಯುವವರೆಗೂ ಕೂರಬೇಕು. ಹಾರಿ ಇಳಿಯುವಾಗ ಮೊಣಕಾಲು ಒಳಕ್ಕೆ ಮಡಚುತ್ತದೆಯೇ, ನೆಟ್ಟಗಿರುತ್ತದೆಯೇ ಎಂಬುದನ್ನೂ ಗಮನಿಸಿ. ಯಾಕೆಂದು ಮುಂದೆ ಬರೆಯುತ್ತೇನೆ.

ಶಾಲೆಯ ಪಿ.ಟಿ. ಮೇಷ್ಟ್ರನ್ನು ಮೊದಲು ಕಾಣಿ. ಮಗುವನ್ನು ಅವರ ತಲೆಯ ಮೇಲಿಂದ ಮಾತಾಡಿಸಬೇಡಿ. ಆ ಮಗುವಿಗೆ ಶೂ ಕೊಡಿಸಿದವರು, ಕೂಟಕ್ಕೆ ಕರೆದುಕೊಂಡು ಬರಲು ಟೆಂಪೋ ಬಾಡಿಗೆ ಕೈಯಿಂದ ಕೊಟ್ಟವರು ಅವರೇ ಆಗಿರುತ್ತಾರೆ. ಅವರ ಹೆಸರನ್ನು ನಿಮ್ಮ ಕಾಲೇಜಿನ ವಾರ್ಷಿಕೋತ್ಸವದ ವೇದಿಕೆಯಲ್ಲಿ ಹೇಳಿ, ಶಾಲು ಹೊದಿಸಿ. ಮರುವರ್ಷ ಅವರೇ ಫೋನ್ ಮಾಡಿ ಮಕ್ಕಳ ಹೆಸರು ಹೇಳುತ್ತಾರೆ.

ಆಮೇಲೆ ಮನೆಗೆ ಹೋಗಬೇಕು. ಇದನ್ನು ಬಿಟ್ಟರೆ ಉಳಿದದ್ದೆಲ್ಲ ನೀರಿನಲ್ಲಿ ಹೋಮ.

ನಮ್ಮ ಕಡೆಯ ಮನೆಗಳ ದಿನಚರಿ ನಿಮಗೆ ಗೊತ್ತಿರಬೇಕು. ಹಾಲು ಕರೆದು ಡೈರಿಗೆ ಹಾಕುವುದು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಆ ಕ್ಯಾನು ಹೊತ್ತು ಹೋಗುವವರು ಮನೆಯ ಹುಡುಗ ಹುಡುಗಿಯರೇ. ನೀವು ಬೆಳಗ್ಗೆ ಆರಕ್ಕೆ ಪ್ರಾಕ್ಟೀಸ್ ಎಂದು ಬೋರ್ಡ್ ಹಾಕಿದರೆ ಸಿಟಿಯೊಳಗಿನ ಮಕ್ಕಳು ಮಾತ್ರ ಬರುತ್ತಾರೆ. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಇರುವ ಮನೆಗಳ ಲೆಕ್ಕ ಇನ್ನೂ ಬೇರೆ. ಹುಳು ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಎದ್ದ ಮೇಲೆ ಹಣ್ಣಾಗುವವರೆಗೆ ಸುಮಾರು ಒಂದು ವಾರ. ಇಡೀ ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ಪಾಲನ್ನು ಅದು ತಿನ್ನುವುದು ಆ ವಾರದಲ್ಲೇ. ಆಗ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ತೋಟದಿಂದ ಹಿಪ್ಪುನೇರಳೆ ಕಡ್ಡಿ ಕಡಿದು ತರಬೇಕು, ರಾತ್ರಿ ಎದ್ದು ಸೊಪ್ಪು ಹಾಕಬೇಕು, ಹಣ್ಣಾದ ಹುಳುವನ್ನು ಆಯ್ದು ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಆ ವಾರ ಹುಡುಗಿ ಪ್ರಾಕ್ಟೀಸಿಗೆ ಬರಲಿಲ್ಲವೆಂದು ತಂಡದಿಂದ ಕೈಬಿಟ್ಟವರನ್ನು ನಾನು ಬಲ್ಲೆ. ಮನೆಗೆ ಹೋಗಿ ನೋಡಿದ್ದರೆ ಹಾಗೆ ಮಾಡುತ್ತಿರಲಿಲ್ಲ. "ಅಮ್ಮಾ, ಹುಳು ಯಾವ ಜ್ವರದಲ್ಲಿದೆ?" ಎಂದು ಕೇಳಿ ಆ ವಾರಕ್ಕೆ ರಜೆ ಕೊಡಿ. ಗೂಡು ಮಾರುಕಟ್ಟೆಗೆ ಹೋದ ಮರುದಿನ ತಾಯಿಯೇ ಮಗಳನ್ನು ಬಸ್ಸು ಹತ್ತಿಸುತ್ತಾಳೆ.

ಮನೆಯಲ್ಲಿ ಮಾತಾಡುವಾಗ ಆಟದ ವಿಷಯ ಕೊನೆಗೆ ಬರಲಿ. ತಂದೆ ತಾಯಿ ಕೇಳುವುದು ಬೇರೆ. ಸಂಜೆ ಎಷ್ಟು ಹೊತ್ತಿಗೆ ಬಿಡುತ್ತೀರಿ, ಜೊತೆಗೆ ಯಾರು ಬರುತ್ತಾರೆ, ಊರಿನ ಕೊನೆ ಬಸ್ಸು ತಪ್ಪಿದರೆ ಏನು, ಬೇರೆ ಊರಿನ ಪಂದ್ಯಕ್ಕೆ ಹೋದಾಗ ಎಲ್ಲಿ ಮಲಗಿಸುತ್ತೀರಿ, ಮೇಡಂ ಇರುತ್ತಾರಾ. ಪ್ರತಿಯೊಂದಕ್ಕೂ ಖಚಿತ ಉತ್ತರ ಇರಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣದ ಚಿಂತೆ ತಪ್ಪಿದೆ. ಗೌರಿಬಿದನೂರಿನ ಹುಡುಗಿ ಸಂಜೆ ಆಟಕ್ಕೆ ಚಿಕ್ಕಬಳ್ಳಾಪುರಕ್ಕೆ ಬಂದು ಹೋಗುವ ಮಾತು ಮೊದಲು ಖರ್ಚಿನಿಂದಲೇ ನಿಂತುಹೋಗುತ್ತಿತ್ತು. ಆದರೆ ಖಾಸಗಿ ಬಸ್ಸು ಮಾತ್ರ ಓಡುವ ಹಳ್ಳಿಗಳಿಗೆ ಈ ಅನುಕೂಲವಿಲ್ಲ. ಅಲ್ಲಿನ ಮಕ್ಕಳ ಬಸ್ ಚಾರ್ಜನ್ನು ಕಾಲೇಜಿನ ಕ್ರೀಡಾ ನಿಧಿಯಿಂದ ಕೊಡಿಸಲು ಓಡಾಡಿ. ಕಾಲೇಜುಗಳು ಟ್ರ್ಯಾಕ್‌ಸೂಟಿಗೆ ಖರ್ಚು ಮಾಡುವ ದುಡ್ಡಿನಲ್ಲಿ ಒಂದು ಪಾಲು ಇದಕ್ಕೆ ಹೋದರೆ ಎಷ್ಟೋ ಮೇಲು.

ಬಟ್ಟೆಯ ಮಾತು ಬಂದೇ ಬರುತ್ತದೆ. ಶಿಡ್ಲಘಟ್ಟ, ಚಿಂತಾಮಣಿಯ ಮುಸ್ಲಿಂ ಮನೆಗಳಲ್ಲೂ ಬರುತ್ತದೆ, ನಮ್ಮ ಹಳ್ಳಿಗಳ ಉಳಿದ ಮನೆಗಳಲ್ಲೂ ಬರುತ್ತದೆ. "ಚಡ್ಡಿ ಹಾಕ್ಕೊಂಡು ಓಡಬೇಕಾ ಸಾರ್?" ಎಂದು ತಂದೆ ಕೇಳಿದಾಗ ವಾದಕ್ಕೆ ಇಳಿಯಬೇಡಿ, ನಿಯಮ ತಿಳಿಸಿ. 2014ರ ಇಂಚಾನ್ ಏಷ್ಯನ್ ಗೇಮ್ಸ್‌ನಲ್ಲಿ ಹಿಜಾಬ್ ತೆಗೆಯಲು ಒಪ್ಪದ ಕತಾರ್ ಮಹಿಳಾ ತಂಡ ಪಂದ್ಯವನ್ನೇ ಬಿಟ್ಟುಕೊಡಬೇಕಾಯಿತು. ಅದೇ ವರ್ಷ ಚೀನಾದ ವುಹಾನ್‌ನಲ್ಲಿ ನಮ್ಮ ದೇಶದ ಸಿಖ್ ಆಟಗಾರರಾದ ಅಮೃತಪಾಲ್ ಸಿಂಗ್, ಅಮ್ಜ್ಯೋತ್ ಸಿಂಗ್ ಅವರಿಗೆ ಪೇಟ ತೆಗೆದು ಆಡುವಂತೆ ಹೇಳಿದರು. ಜಗತ್ತಿನೆಲ್ಲೆಡೆಯಿಂದ ಆಕ್ಷೇಪ ಬಂದ ಮೇಲೆ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾ ನಿಯಮ ಬದಲಾಯಿಸಿತು. 2017ರ ಅಕ್ಟೋಬರ್‌ನಿಂದ ತಲೆವಸ್ತ್ರ ಧರಿಸಿ ಆಡಬಹುದು. ಕಾಲು ಪೂರ್ತಿ ಮುಚ್ಚುವ ಬಿಗಿ ಉಡುಪಿಗೂ ಅವಕಾಶವಿದೆ, ತಂಡದವರದ್ದೆಲ್ಲ ಒಂದೇ ಬಣ್ಣವಿರಬೇಕು ಅಷ್ಟೆ. ಇದು ಗೊತ್ತಿಲ್ಲದೆ ಎಷ್ಟೋ ಹುಡುಗಿಯರು ಎಂಟನೇ ತರಗತಿಗೇ ಆಟ ಬಿಟ್ಟಿದ್ದಾರೆ. ನಿಯಮದ ಒಂದು ಪ್ರತಿಯನ್ನು ಮುದ್ರಿಸಿ ಚೀಲದಲ್ಲಿಟ್ಟುಕೊಳ್ಳಿ.

ಇನ್ನು ಮೈ ಆರೋಗ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. ಎರಡು ಸುತ್ತು ಓಡಿ ಏದುಸಿರು ಬಿಡುವ ಹುಡುಗಿಯನ್ನು ಸೋಮಾರಿ ಎಂದು ಗದರಿಸುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಹಿಮೋಗ್ಲೋಬಿನ್ ನೋಡಿಸಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ ನುಂಗುತ್ತಾಳೋ, ಕಿಟಕಿಯಿಂದ ಎಸೆಯುತ್ತಾಳೋ ಮೆತ್ತಗೆ ವಿಚಾರಿಸಿ. ಮೊಣಕಾಲಿನ ಮಾತು ಆಗಲೇ ಎತ್ತಿದ್ದೆ. ಹಾರಿ ಇಳಿಯುವ, ತಟ್ಟನೆ ತಿರುಗುವ ಆಟಗಳಲ್ಲಿ ಎಸಿಎಲ್ ಲಿಗಮೆಂಟ್ ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಒಮ್ಮೆ ಹರಿದರೆ ಶಸ್ತ್ರಚಿಕಿತ್ಸೆ, ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ, ಬಡ ಮನೆಗೆ ಅದು ಸಾಲದ ದಾರಿ. ಫುಟ್‌ಬಾಲ್‌ನವರ 'ಫಿಫಾ 11+' ಎಂಬ ಇಪ್ಪತ್ತು ನಿಮಿಷದ ವಾರ್ಮ್‌ಅಪ್ ಇದೆ. ಇಳಿಯುವ ಕ್ರಮ, ಸೊಂಟ ತೊಡೆಗಳ ಬಲ ಕಲಿಸುತ್ತದೆ, ಬ್ಯಾಸ್ಕೆಟ್‌ಬಾಲ್‌ಗೂ ಹೊಂದುತ್ತದೆ. ಪ್ರಾಕ್ಟೀಸಿಗೆ ಒಂದು ಗಂಟೆಯೇ ಸಿಕ್ಕಿದರೂ ಈ ಇಪ್ಪತ್ತು ನಿಮಿಷವನ್ನು ಕಡಿಮೆ ಮಾಡಬೇಡಿ.

ಕೋರ್ಟು ಪೂರ್ತಿ ಇಲ್ಲವೆಂದು ಬೇಸರಿಸಿದ್ದೀರಿ. ಅರ್ಧ ಕೋರ್ಟು ಇದ್ದರೆ ಸಾಕು, ಶುರು ಮಾಡಿ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಮೇಷ್ಟ್ರು ವ್ಯಾಯಾಮ ಶಾಲೆಯ ಮಹಡಿಯ ಕಟಕಟೆಗೆ ಪೀಚ್ ಹಣ್ಣಿನ ಬುಟ್ಟಿ ಮೊಳೆ ಹೊಡೆದು ಈ ಆಟ ಆಡಿಸಿದರು. ಆ ಹತ್ತು ಅಡಿ ಎತ್ತರ ಇವತ್ತಿಗೂ ಬದಲಾಗಿಲ್ಲ. ಈಗ 3x3 ಎಂಬ ಪಂದ್ಯ ಒಲಿಂಪಿಕ್ಸ್‌ಗೇ ಬಂದಿದೆ, ಟೋಕಿಯೊದಿಂದ. ಒಂದೇ ರಿಂಗು, ತಂಡಕ್ಕೆ ಮೂವರು, ಬದಲಿಗೆ ಒಬ್ಬರು. ಹತ್ತು ನಿಮಿಷ, ಇಲ್ಲವೇ ಮೊದಲು 21 ಅಂಕ ಮುಟ್ಟಿದವರು ಗೆದ್ದಂತೆ. ಹನ್ನೆರಡು ಜನ ಸೇರುವವರೆಗೆ ಕಾಯದೆ ನಾಲ್ಕು ಊರಿನಿಂದ ನಾಲ್ಕು ನಾಲ್ಕು ಮಕ್ಕಳನ್ನು ಆರಿಸಿ ತಿಂಗಳಿಗೊಂದು ಭಾನುವಾರ 3x3 ಆಡಿಸಿ. ಒಂದು ಸಲ ಚಿಂತಾಮಣಿಯಲ್ಲಿ, ಒಂದು ಸಲ ಗೌರಿಬಿದನೂರಿನಲ್ಲಿ. ತಂಡ ತಾನಾಗಿ ರೂಪುಗೊಳ್ಳುತ್ತದೆ, ಪೋಷಕರೂ ಬಂದು ನೋಡುತ್ತಾರೆ.

ಹಳ್ಳಿಯ ಮಕ್ಕಳನ್ನು ಹುಡುಕಿ ತಂಡ ಕಟ್ಟಿದ ದೊಡ್ಡ ಉದಾಹರಣೆ ಬೇಕಾದರೆ ಛತ್ತೀಸಗಡದ ಭಿಲಾಯಿ ಕಡೆ ನೋಡಿ. ರಾಜೇಶ್ ಪಟೇಲ್ ಎಂಬ ಕೋಚ್ ಅಲ್ಲಿ ಬಡ ಕುಟುಂಬಗಳ ಹೆಣ್ಣುಮಕ್ಕಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಊಟ ಹಾಕಿ, ಓದಿಸಿ, ಆಡಿಸಿದರು. ಆ ರಾಜ್ಯದ ಹುಡುಗಿಯರ ತಂಡಗಳು ರಾಷ್ಟ್ರೀಯ ಟೂರ್ನಿಗಳಲ್ಲಿ ಮೇಲಿಂದ ಮೇಲೆ ಪದಕ ಗೆದ್ದವು. 2018ರಲ್ಲಿ ಅವರು ತೀರಿಕೊಂಡಾಗ ದೇಶದ ಬ್ಯಾಸ್ಕೆಟ್‌ಬಾಲ್ ಲೋಕವೇ ಮರುಗಿತು. ನಮ್ಮ ರಾಜ್ಯದಲ್ಲಿ ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾ ದತ್ತು ಯೋಜನೆಯಲ್ಲಿ ನಾಡಿನ ಮೂಲೆ ಮೂಲೆಯ ಮಕ್ಕಳಿಗೆ ಊಟ, ವಸತಿ, ಓದು ಉಚಿತವಾಗಿ ಕೊಟ್ಟು ಬೆಳೆಸಿದೆ. ಪಂಜಾಬಿನ ಬಲ್ಲೋ ಕೇ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್ ಎಳೆಯ ವಯಸ್ಸಿನಲ್ಲೇ ಲುಧಿಯಾನದ ಅಕಾಡೆಮಿ ಸೇರಿ, 2010ರಲ್ಲಿ ವಿದ್ಯಾರ್ಥಿವೇತನದ ಮೇಲೆ ಫ್ಲೋರಿಡಾಕ್ಕೆ ಹೋಗಿ, 2015ರಲ್ಲಿ ಎನ್‌ಬಿಎ ಡ್ರಾಫ್ಟ್‌ನಲ್ಲಿ 52ನೆಯವನಾಗಿ ಆಯ್ಕೆಯಾದ. ಭಾರತದಲ್ಲಿ ಹುಟ್ಟಿದವರಲ್ಲಿ ಆ ಗೌರವ ಪಡೆದ ಮೊದಲಿಗ. ಬೆಂಗಳೂರಿನ ಸಂಜನಾ ರಮೇಶ್ 2019ರಲ್ಲಿ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡ ಸೇರಿದಳು. ಈ ಕಥೆಗಳನ್ನು ಮಕ್ಕಳಿಗೆ ಹೇಳಿ, ಆದರೆ ನಿಮ್ಮ ಹುಡುಗರೂ ಅಲ್ಲಿಗೇ ಹೋಗುತ್ತಾರೆಂದು ಆಸೆ ಹುಟ್ಟಿಸಬೇಡಿ. ಡ್ರಾಫ್ಟ್ ಆದ ಸತ್ನಾಮ್‌ಗೂ ಎನ್‌ಬಿಎಯ ಒಂದು ಪಂದ್ಯ ಆಡಲು ಸಿಗಲಿಲ್ಲ.

ಕೆಲಸದ ಆಸೆಯ ವಿಷಯದಲ್ಲೂ ಇಷ್ಟೇ ಜಾಗ್ರತೆ ಬೇಕು. "ಆಡಿದರೆ ರೈಲ್ವೆಯಲ್ಲಿ ಕೆಲಸ ಗ್ಯಾರಂಟಿ" ಎಂದು ಹೇಳಿ ಮಕ್ಕಳನ್ನು ಸೇರಿಸಿಕೊಳ್ಳುವವರಿದ್ದಾರೆ. ರೈಲ್ವೆ, ಸೇನೆ, ಬ್ಯಾಂಕು, ಪೊಲೀಸ್ ಇಲಾಖೆಗಳಲ್ಲಿ ಕ್ರೀಡಾ ಕೋಟಾ ಇರುವುದು ನಿಜ. ಆದರೆ ಇಂಥ ಬಾಗಿಲು ಯಾವಾಗ ಕಿರಿದಾಗುತ್ತದೆ ಎಂದು ಹೇಳಲಾಗದು. ನಮ್ಮ ರಾಜ್ಯದಲ್ಲಿ ವಿಜಯಾ ಬ್ಯಾಂಕಿನ ತಂಡ ಎಷ್ಟು ಹೆಸರು ಮಾಡಿತ್ತು! 2019ರ ಏಪ್ರಿಲ್ 1ಕ್ಕೆ ಆ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಗಿ ಹೆಸರೇ ಹೋಯಿತು. ನೀವು ಕೊಡಬಹುದಾದ ಮಾತು ಡಿಗ್ರಿ ಒಂದೇ. ಮೂರು ವರ್ಷ ಫೀಸು ಯಾರು ಕಟ್ಟುತ್ತಾರೆ, ಹಾಸ್ಟೆಲ್ ಯಾರದು, ಪಂದ್ಯಕ್ಕೆ ಹೋದ ದಿನಗಳ ಹಾಜರಾತಿ ಹೇಗೆ, ತಪ್ಪಿದ ಇಂಟರ್ನಲ್ಸ್ ಯಾವಾಗ ಬರೆಸುತ್ತೀರಿ, ಮೊಣಕಾಲು ಪೆಟ್ಟಾಗಿ ಆಡಲಾಗದಿದ್ದರೆ ಫೀಸು ರಿಯಾಯಿತಿ ಉಳಿಯುತ್ತದೆಯೇ. ಇಷ್ಟನ್ನೂ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಬರೆಸಿ ತಂದೆಯ ಕೈಗೆ ಕೊಡಿ. ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಪೆಟ್ಟಾದ ಮಗುವನ್ನು ಓದಿಸಲಾರದ ಕಾಲೇಜು ಆ ಮಗುವನ್ನು ಆಡಿಸಲೂ ಬಾರದು.

ನಿಮ್ಮ ಭಾಗದ ಮಕ್ಕಳಿಗೆ ಒಂದು ಅನುಕೂಲ ಈಗ ಒದಗಿದೆ, ಅದನ್ನು ಪೋಷಕರಿಗೆ ವಿವರಿಸಿ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಭಾಗವಾದ ಮೇಲೆ ಕೋಲಾರ, ಚಿಕ್ಕಬಳ್ಳಾಪುರದ ಡಿಗ್ರಿ ಕಾಲೇಜುಗಳು ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಬಂದವು. ಮೊದಲು ನಮ್ಮ ಹುಡುಗರು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಬೇಕಾದರೆ ಇಡೀ ಬೆಂಗಳೂರು ನಗರದ ಹೆಸರಾಂತ ಕಾಲೇಜುಗಳ ಆಟಗಾರರನ್ನು ಹಿಂದೆ ಹಾಕಬೇಕಿತ್ತು. ಈಗಲೂ ಪೈಪೋಟಿ ಇದೆ, ಆದರೆ ಕೈಗೆಟುಕದಷ್ಟು ದೂರವಿಲ್ಲ. ಅಂತರ ಕಾಲೇಜು ಪಂದ್ಯದಲ್ಲಿ ಚೆನ್ನಾಗಿ ಆಡಿದ ಶಿಡ್ಲಘಟ್ಟದ ಹುಡುಗ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ಕಣಕ್ಕಿಳಿಯಬಹುದು. ಆ ಒಂದು ಪ್ರಮಾಣಪತ್ರ ಮುಂದೆ ಉನ್ನತ ವ್ಯಾಸಂಗಕ್ಕೂ, ಕೆಲಸದ ಅರ್ಜಿಗೂ ನೆರವಾಗುತ್ತದೆ.

ನೀವು ಬೆಳೆಸಿದ ಹುಡುಗಿಯನ್ನು ಬೆಂಗಳೂರಿನ ದೊಡ್ಡ ಕಾಲೇಜು ಕರೆಯುವ ದಿನ ಬರುತ್ತದೆ. ಹೊಟ್ಟೆ ಉರಿಯುವುದು ಸಹಜ. ಆದರೂ ಕಳಿಸಿಕೊಡಿ. ಟಿ.ಸಿ. ಕೊಡದೆ ಸತಾಯಿಸಿ ಒಬ್ಬ ಹುಡುಗನ ಒಂದು ವರ್ಷ ಹಾಳುಮಾಡಿದ ಕಾಲೇಜನ್ನು ಕಂಡಿದ್ದೇನೆ. ಆಮೇಲೆ ಆ ಊರಿನ ಯಾವ ಮನೆಯವರೂ ಆ ಕಾಲೇಜಿನ ತಂಡಕ್ಕೆ ಮಕ್ಕಳನ್ನು ಕಳಿಸಲಿಲ್ಲ. ಏಳನೇ ತರಗತಿಯಲ್ಲೇ ಅಸಾಧಾರಣ ಮಗು ಕಣ್ಣಿಗೆ ಬಿದ್ದರೆ ಸರ್ಕಾರದ ಕ್ರೀಡಾ ಶಾಲೆಯ ಆಯ್ಕೆಗೆ ನೀವೇ ಕರೆದುಕೊಂಡು ಹೋಗಿ. ಬೆಂಗಳೂರು ಹೆದ್ದಾರಿಯಲ್ಲಿ ಸಿಗುವ ವಿದ್ಯಾನಗರದ ಕ್ರೀಡಾ ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡಗಳ ಹೆಸರು ರಾಜ್ಯಕ್ಕೆಲ್ಲ ಗೊತ್ತು. ಅಂಥ ಮಗು ನಿಮ್ಮ ಜೆರ್ಸಿ ತೊಡದಿರಬಹುದು, ಆದರೆ "ನಮ್ಮೂರ ಪಿ.ಡಿ. ಸಾರ್ ಸೇರಿಸಿದ್ದು" ಎಂದು ಅದರ ಮನೆಯವರು ಹೇಳಿಕೊಳ್ಳುತ್ತಾರೆ. ಆ ಮಾತು ಕೇಳಿ ಇನ್ನೂ ಹತ್ತು ಮಕ್ಕಳು ಬರುತ್ತಾರೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು 1935ರಲ್ಲಿ ಓದಿನ ಆಸೆಗೆ, ಬಸ್ಸಿಗೆ ಕಾಸಿಲ್ಲದೆ, ಬೆಂಗಳೂರಿನವರೆಗೆ ನಡೆದೇ ಹೋಗಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದರು. ಮುಂದೆ ಅವರದೇ ನೇತೃತ್ವದಲ್ಲಿ ನ್ಯಾಷನಲ್ ಕಾಲೇಜು ಗೌರಿಬಿದನೂರಿಗೂ ಬಾಗೇಪಲ್ಲಿಗೂ ಬಂತು. ತಾವು ನಡೆದ ದಾರಿಯನ್ನು ಊರಿನ ಮಕ್ಕಳು ಮತ್ತೆ ನಡೆಯಬೇಕಾಗಬಾರದೆಂದು ಕಾಲೇಜನ್ನೇ ಊರಿಗೆ ತಂದರು. ಓದಿಗೆ ಆಗಿದ್ದು ಆಟಕ್ಕೂ ಆಗಲಿ ಎಂಬುದು ನನ್ನ ಆಸೆ. ನಮ್ಮ ಮಕ್ಕಳು ಒಳ್ಳೆಯ ಕೋರ್ಟು, ಒಳ್ಳೆಯ ಕೋಚ್ ಬೇಕೆಂದರೆ ಅರವತ್ತು ಕಿಲೋಮೀಟರ್ ದಾಟಿ ಹೋಗಬೇಕಾದ ಸ್ಥಿತಿ ಇನ್ನು ಸಾಕು.

ಈ ವರ್ಷದ ತಾಲ್ಲೂಕು ಕ್ರೀಡಾಕೂಟಗಳ ದಿನಾಂಕ ಬಿಇಒ ಕಚೇರಿಯಿಂದ ತಿಳಿದುಕೊಂಡು ತಕ್ಷಣ ನನಗೂ ತಿಳಿಸಿ. ಶಿಡ್ಲಘಟ್ಟದ್ದನ್ನು, ಚಿಂತಾಮಣಿಯದ್ದನ್ನು ನಾನು ನೋಡಿಕೊಂಡು ಬರುತ್ತೇನೆ. ಉಳಿದ ಎರಡಕ್ಕೆ ನೀವು ಹೋಗಿ. ಈ ಪತ್ರ ಓದುವ ಇತರ ಪಿ.ಟಿ. ಮೇಷ್ಟ್ರುಗಳಲ್ಲೂ, ಟೀಚರಮ್ಮಂದಿರಲ್ಲೂ ನನ್ನದೊಂದು ಕೋರಿಕೆ: ನಿಮ್ಮ ಒಂಬತ್ತನೇ ತರಗತಿಯಲ್ಲಿ ಚೆಂಡನ್ನು ಚೆನ್ನಾಗಿ ಹಿಡಿಯುವ ಹುಡುಗಿ, ಗಾಳಿಯಂತೆ ಓಡುವ ಹುಡುಗ ಇದ್ದರೆ, ಎಸ್ಸೆಸ್ಸೆಲ್ಸಿ ಮುಗಿಯುವ ಮೊದಲೇ ಹತ್ತಿರದ ಕಾಲೇಜಿನ ಪಿ.ಡಿ.ಗೆ ಅವರ ಹೆಸರು ತಿಳಿಸಿ.

ಪ್ರೀತಿಯಿಂದ,
ನಿಮ್ಮವ